ಭೂಮಿಯ ಮೂರು ಹೆಸರುಗಳು

ಕಳೆದ ತಿಂಗಳು ನಮ್ಮ ಅಣ್ಣ ಊರಿನಿಂದ ಬಂದಿದ್ದರು. ಬರುವಾಗ ಒಂದು ಹಲಸಿನ ಹಣ್ಣನ್ನೂ ಒಂದು ಕಾಗದವನ್ನೂ ತಂದಿದ್ದರು. ಹಣ್ಣು ಮನೆಮಂದಿಗೆಲ್ಲ, ಕಾಗದ ನನಗೊಬ್ಬನಿಗೆ.

ನಮ್ಮೂರು ಕೋಲಾರದ ಕಡೆಯ ಒಂದು ಹಳ್ಳಿ. ನಮ್ಮ ಹೊಲದ ಮೂಲೆಯಲ್ಲಿ, ಮಲಗಿದ ಆನೆಯ ಬೆನ್ನಿನಂತೆ, ಒಂದು ದೊಡ್ಡ ಹಾಸುಬಂಡೆಯಿದೆ. ಸುಗ್ಗಿಯಲ್ಲಿ ಹುರುಳಿ ಅವರೆಗಳನ್ನು ಒಣಹಾಕುವುದಕ್ಕೂ, ಬೇಸಗೆಯ ರಾತ್ರಿಗಳಲ್ಲಿ ಮಕ್ಕಳು ಮಲಗಿ ನಕ್ಷತ್ರ ಎಣಿಸುವುದಕ್ಕೂ ಅಲ್ಲದೆ ಅದರಿಂದ ಬೇರೊಂದು ಉಪಯೋಗವನ್ನು ನಾವು ಕಂಡವರಲ್ಲ. ಈಗ ಜಲ್ಲಿ ಒಡೆಯಿಸುವ ಗುತ್ತಿಗೆದಾರರೊಬ್ಬರು ಅದಕ್ಕೆ ಬೆಲೆ ಕಟ್ಟಿದ್ದಾರೆ. ಜಮೀನು ಇನ್ನೂ ಇಬ್ಬರ ಹೆಸರಿನಲ್ಲಿಯೂ ಇರುವುದರಿಂದ ಒಪ್ಪಿಗೆಯ ಕಾಗದಕ್ಕೆ ನನ್ನ ರುಜುವೂ ಬೇಕು.

“ಬೆಳೆ ಬಾರದ ಜಾಗ ಕಣಪ್ಪ. ಬರಿಯ ಕಲ್ಲು. ಲೋಕ ಹುಟ್ಟಿದಾಗಿನಿಂದ ಸುಮ್ಮನೆ ಬಿದ್ದಿದೆ” ಎಂದರು ಅಣ್ಣ.

ಆ ಮಾತಿನ ಹಿಂದಿದ್ದ ಕಷ್ಟ ನನಗೆ ತಿಳಿಯದುದೇನಲ್ಲ. ಮೂರು ವರ್ಷಗಳಲ್ಲಿ ಮೂರು ಕೊಳವೆಬಾವಿಗಳನ್ನು ಕೊರೆಯಿಸಿ, ಮೂರರಲ್ಲಿಯೂ ಬರಿಯ ಧೂಳನ್ನು ಕಂಡವರು ಅವರು. ಆ ಧೂಳಿಗೆ ತೆತ್ತ ಹಣ ಸಾಲವಾಗಿ ನಿಂತಿದೆ. ಬಳಗದ ಮದುವೆಯೊಂದನ್ನು ಮುಗಿಸಿಕೊಂಡು ಹೋಗಲು ಅವರು ಇನ್ನೂ ಒಂದು ವಾರ ಇರುವವರಿದ್ದರು. “ಹೊರಡುವ ದಿನ ರುಜು ಮಾಡಿದರಾಯಿತಲ್ಲ, ಅಣ್ಣ” ಎಂದು ನಾನು ಮಾತನ್ನು ಮುಂದಕ್ಕೆ ಹಾಕಿದೆ.

ಮರುದಿನ ಭಾನುವಾರ. ಮಗಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೋದೆ. ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುವುದು ಬೆಂಗಳೂರಿನ ಮನೆಮನೆಗೂ ತಿಳಿದ ಸುಖ. ಆ ದಿನ ಮಾತ್ರ ನನ್ನ ಮನಸ್ಸು ಕಡಲೆಕಾಯಿಯಲ್ಲಿರಲಿಲ್ಲ. ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಇದನ್ನು ಕೇಳಿದ ಮಗಳು, “ಅಪ್ಪಾ, ಕಲ್ಲಿಗೆ ಜಾತಕ ಬರೆದವರು ಯಾರು?” ಎಂದಳು. ಕನ್ನಡ ಪಾಠ ಹೇಳುವ ನನಗೆ ಉತ್ತರ ಹೊಳೆಯಲಿಲ್ಲ. ಆ ವಾರವೆಲ್ಲ, ಭೂವಿಜ್ಞಾನ ಕಲಿಸುವ ಸ್ನೇಹಿತರೊಬ್ಬರನ್ನು ಬಿಡುವಿನ ವೇಳೆಯಲ್ಲಿ ಕಾಡಿದೆ. ಅವರಿಂದ ಕಲಿತದ್ದನ್ನು ಈ ವಾರ ವಾಚಕರೊಡನೆ ಹಂಚಿಕೊಳ್ಳುತ್ತೇನೆ.

ನಮ್ಮ ಅಮರಕೋಶ ಭೂಮಿಗೆ ಹಲವು ಹೆಸರುಗಳನ್ನು ಕೊಡುತ್ತದೆ. ಅವುಗಳಲ್ಲಿ ಮೂರು: ಅಚಲಾ, ಸ್ಥಿರಾ, ಸರ್ವಂಸಹಾ. ಚಲಿಸದವಳು, ಬದಲಾಗದೆ ನಿಂತವಳು, ಎಲ್ಲವನ್ನೂ ಸಹಿಸುವವಳು. “ಸುಮ್ಮನೆ ಬಿದ್ದಿದೆ” ಎಂದ ಅಣ್ಣನ ಮಾತಿನಲ್ಲಿ ಈ ಮೂರು ಹೆಸರುಗಳೂ ಅಡಗಿದ್ದವು. ಮೂರನ್ನೂ ಒಂದೊಂದಾಗಿ ಒರೆಗೆ ಹಚ್ಚಿ ನೋಡೋಣ.

ಅದಕ್ಕೆ ಮೊದಲು ಜಾತಕದ ಮಾತು. ಲಾಲ್‌ಬಾಗಿನ ಕಲ್ಲನ್ನು ಬಗ್ಗಿ ನೋಡಿದರೆ ಬಿಳಿಯ ಮತ್ತು ಕಪ್ಪಿನ ಪಟ್ಟೆಗಳು ಬಳುಕಿಕೊಂಡು ಸಾಗಿರುವುದು ಕಾಣುತ್ತದೆ. ಎರಡು ಬಣ್ಣದ ಹಿಟ್ಟುಗಳನ್ನು ಕೂಡಿಸಿ ನಾದಿದ ಹಾಗೆ. ನಿಜಕ್ಕೂ ಅದು ನಾದಿದ ಕಲ್ಲೇ. ನೆಲದ ಹಲವು ಕಿಲೋಮೀಟರು ಆಳದಲ್ಲಿ, ನೂರಾರು ಡಿಗ್ರಿ ಕಾವಿನಲ್ಲಿ, ಮೇಲಿನ ಭಾರಕ್ಕೆ ಸಿಕ್ಕಿ, ಹಳೆಯ ಕಲ್ಲೊಂದು ತನ್ನ ರೂಪವನ್ನು ಕಳೆದುಕೊಂಡು ಹೊಸ ರೂಪ ತಾಳಿದೆ. ಇಂಥದನ್ನು ರೂಪಾಂತರ ಶಿಲೆ ಎನ್ನುತ್ತಾರೆ. ಈ ಬಗೆಯ ಕಲ್ಲಿಗೆ ನೈಸ್ ಎಂದು ಹೆಸರು. ಹಳೆಯ ಮೈಸೂರಿನ ನೆಲದ ಬಹುಭಾಗಕ್ಕೆ ಇದೇ ಅಡಿಪಾಯ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬುವರು ಇದನ್ನು ‘ಪೆನಿನ್ಸುಲಾರ್ ನೈಸ್’ ಎಂದು ಕರೆದರು. ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಅದೇ ಹೆಸರನ್ನು ಬಳಸುತ್ತಾರೆ.

ವಯಸ್ಸನ್ನು ಬರೆದಿಟ್ಟಿರುವುದು ಕಲ್ಲೇ. ಇಂಥ ಕಲ್ಲುಗಳಲ್ಲಿ ಜಿರ್ಕಾನ್ ಎಂಬ, ಸಾಸಿವೆಗಿಂತಲೂ ಚಿಕ್ಕದಾದ, ಹರಳುಗಳಿರುತ್ತವೆ. ಹುಟ್ಟುವಾಗ ಈ ಹರಳು ಯುರೇನಿಯಮ್ಮಿಗೆ ಒಳಗೆ ಜಾಗ ಕೊಡುತ್ತದೆ, ಸೀಸವನ್ನು ಹೊರಗಿಡುತ್ತದೆ. ಒಳಗೆ ಸೇರಿದ ಯುರೇನಿಯಂ ತನ್ನಷ್ಟಕ್ಕೆ ತಾನು ಕ್ಷಯಿಸುತ್ತ ಕೊನೆಗೆ ಸೀಸವಾಗುತ್ತದೆ. ಅದರ ಮುಖ್ಯ ಬಗೆಯೊಂದರಲ್ಲಿ ಅರ್ಧಭಾಗ ಹೀಗೆ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹರಳಿನಲ್ಲಿ ಎಷ್ಟು ಸೀಸ ಕೂಡಿದೆ, ಎಷ್ಟು ಯುರೇನಿಯಂ ಉಳಿದಿದೆ ಎಂದು ಅಳೆದರೆ, ಸುಟ್ಟ ಬತ್ತಿಯನ್ನೂ ಉಳಿದ ಬತ್ತಿಯನ್ನೂ ನೋಡಿ ದೀಪ ಹಚ್ಚಿದ ಹೊತ್ತನ್ನು ಹೇಳುವಂತೆ, ಕಲ್ಲು ಹುಟ್ಟಿದ ಕಾಲವನ್ನು ಹೇಳಬಹುದು.

300 ಕೋಟಿ ಎಂಬ ಸಂಖ್ಯೆಯನ್ನು ನಾಲಗೆ ಹೇಳುತ್ತದೆ, ಮನಸ್ಸು ಹಿಡಿಯದು. ಒಂದು ವರ್ಷಕ್ಕೆ ಒಂದು ಮಿಲಿಮೀಟರಿನಂತೆ ದಾರವನ್ನು ಅಳೆಯೋಣ. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದ್ದು ಅರ್ಧ ಮೀಟರಿನೊಳಗೇ ಬರುತ್ತದೆ. 981ರ ಗೊಮ್ಮಟೇಶ್ವರ ಒಂದು ಮೀಟರನ್ನು ತುಸು ದಾಟಿದಲ್ಲಿ. ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 300 ಮೀಟರು ದೂರದಲ್ಲಿ. ಒಂದು ಬೀದಿಯ ಉದ್ದ. ಆದರೆ ಲಾಲ್‌ಬಾಗಿನ ಬಂಡೆ ಹುಟ್ಟಿದ ಗುರುತನ್ನು ಹುಡುಕಲು 3,000 ಕಿಲೋಮೀಟರು ನಡೆಯಬೇಕು: ಹೆಚ್ಚುಕಡಿಮೆ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ. ಭೂಮಿ ಹುಟ್ಟಿದ್ದು ಅಲ್ಲಿಂದ ಮತ್ತೆ 1,500 ಕಿಲೋಮೀಟರು ಆಚೆಗೆ.

ಇನ್ನು ಮೊದಲನೆಯ ಹೆಸರು: ಅಚಲೆ.

ಖಂಡಗಳು ಚಲಿಸುತ್ತವೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಪಂಡಿತರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಅಷ್ಟು ದೊಡ್ಡ ನೆಲವನ್ನು ನೂಕುವ ಶಕ್ತಿ ಯಾವುದೆಂಬ ಪ್ರಶ್ನೆಗೆ ಅವರಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. 1930ರಲ್ಲಿ ಗ್ರೀನ್‌ಲೆಂಡಿನ ಹಿಮದ ನಡುವೆ ಅವರು ತೀರಿಕೊಂಡರು. ತಮ್ಮ ಮಾತು ಗೆದ್ದುದನ್ನು ಕಾಣಲಿಲ್ಲ. ಸಾಗರಗಳ ತಳವನ್ನು ಶೋಧಿಸಿದ ಮೇಲೆ, 1960ರ ದಶಕದಲ್ಲಿ, ಉತ್ತರ ದೊರೆಯಿತು. ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ. ಹಲವು ಫಲಕಗಳಾಗಿ ಒಡೆದಿದೆ. ಸಾಗರದ ನಡುವಣ ಬಿರುಕುಗಳಲ್ಲಿ ಹೊಸ ನೆಲ ಹುಟ್ಟುತ್ತದೆ, ಸಾಗರದ ಆಳವಾದ ಕಂದರಗಳಲ್ಲಿ ಹಳೆಯ ನೆಲ ಒಳಗಿಳಿಯುತ್ತದೆ. ಕೆಳಗಿನ ಬಿಸಿಕಲ್ಲು ಗಟ್ಟಿಯಾಗಿದ್ದೂ ಹರಿಯುತ್ತದೆ. ಅರಗಿನ ಕಡ್ಡಿಯನ್ನು ಥಟ್ಟನೆ ಬಗ್ಗಿಸಿದರೆ ಮುರಿಯುತ್ತದೆ. ಗೋಡೆಗೆ ಒರಗಿಸಿಟ್ಟು ಬೇಸಗೆಯನ್ನು ಕಳೆದರೆ ತಾನೇ ಬಾಗಿರುತ್ತದೆ. ಕಲ್ಲಿಗೂ ಸಾಕಷ್ಟು ಕಾಲ ಕೊಟ್ಟರೆ ಹಾಗೆಯೇ.

ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿ ಕಂಬಗಳನ್ನು ಒಟ್ಟಿದಂತೆ ನಿಂತ ಕಲ್ಲುಗಳನ್ನು ನೋಡಿರಬಹುದು. ಅವು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿ ತಣಿದ ಲಾವಾ. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಗುರುತುಗಳವು. ಒಮ್ಮೆ ನಮ್ಮ ಮಗ್ಗುಲಲ್ಲೇ ಇದ್ದ ನಾಡು ಇಂದು ಅರಬ್ಬಿ ಸಮುದ್ರದ ಆಚೆ, ಆಫ್ರಿಕದ ಹತ್ತಿರವಿದೆ. ನಾವು ಉತ್ತರಕ್ಕೆ ಸಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಖಂಡಕ್ಕೆ ಡಿಕ್ಕಿ ಹೊಡೆದೆವು. ಆ ಡಿಕ್ಕಿಯಲ್ಲಿ ಮಡಿಸಿಕೊಂಡು ಮೇಲೆದ್ದ ನೆಲವೇ ಹಿಮಾಲಯ. ನೂಕಾಟ ಇನ್ನೂ ನಿಂತಿಲ್ಲ. ಭಾರತದ ಫಲಕ ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಸರಿಯುತ್ತಿದೆ. ನನ್ನ ಮಗಳಿಗೆ ಹತ್ತು ವರ್ಷ. ಅವಳು ಹುಟ್ಟಿದ ದಿನದಿಂದ ನಮ್ಮ ಮನೆ ಅರ್ಧ ಮೀಟರಿನಷ್ಟು ಉತ್ತರದತ್ತ ಹೋಗಿದೆ. ಪಕ್ಕದ ಮನೆಯವರೂ ಕಾಂಪೌಂಡಿನ ಸಮೇತ ಜೊತೆಗೇ ಬಂದಿರುವುದರಿಂದ ವ್ಯಾಜ್ಯಕ್ಕೆ ಎಡೆಯಾಗಿಲ್ಲ.

ಇದು ನಗುವ ಮಾತು. ಆದರೆ ಎಲ್ಲ ಕಾಲಕ್ಕೂ ಅಲ್ಲ. ಈ ನೂಕಾಟದ ಒತ್ತಡ ಫಲಕದ ಅಂಚಿನಲ್ಲಿ ಮಾತ್ರವಲ್ಲದೆ ನಡುವಿನಲ್ಲಿಯೂ ಕೂಡುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯ ಉತ್ಸವ ಮುಗಿಸಿ ಜನ ಮಲಗಿದ್ದಾಗ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ದಖ್ಖನಿನ ಆ ನೆಲ ಅಲುಗದ ನೆಲವೆಂದೇ ಬಹುಮಂದಿಯ ನಂಬಿಕೆಯಾಗಿತ್ತು. ಕಲ್ಲುಮಣ್ಣಿನ ಭಾರವಾದ ಮನೆಗಳು ಮಲಗಿದ್ದವರ ಮೇಲೆ ಕುಸಿದು ಹತ್ತು ಸಾವಿರಕ್ಕೆ ಸಮೀಪದಷ್ಟು ಜನ ಸತ್ತರು. ಭೂಮಿಯನ್ನು ಅಚಲೆಯೆಂದು ನಂಬಿ ಮನೆ ಕಟ್ಟುವುದು ಎಷ್ಟು ದುಬಾರಿಯೆಂಬುದನ್ನು ಆ ಒಂದು ಬೆಳಗು ತೋರಿಸಿತು.

ಎರಡನೆಯ ಹೆಸರು ಸ್ಥಿರೆ.

ಹಲವು ಕಿಲೋಮೀಟರು ಆಳದಲ್ಲಿ ಹುಟ್ಟಿದ ಕಲ್ಲು ಇಂದು ಗಾಳಿಬಿಸಿಲಿಗೆ ಮೈಯೊಡ್ಡಿರುವುದು ಹೇಗೆ? ಅದರ ಮೇಲಿದ್ದ ಕಲ್ಲೆಲ್ಲ ಸವೆದುಹೋಗಿದೆ ಎಂಬುದೊಂದೇ ಉತ್ತರ. ಸವೆಸಿದವರು ಮಹಾವೀರರೇನೂ ಅಲ್ಲ: ಬಿಸಿಲು, ಮಳೆ, ಬೇರು. ಮೇಲಿನ ಭಾರ ಕಳೆದ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಹಾಳೆಹಾಳೆಯಾಗಿ ಏಳುತ್ತದೆ. ನಮ್ಮ ಹೊಲದ ಬಂಡೆಯ ಮೇಲೆ ಗುಂಡುಕಲ್ಲಿನಿಂದ ಬಡಿದು, ಟೊಳ್ಳಾದ ದನಿ ಬರುವ ಜಾಗವನ್ನು ಹುಡುಕುವುದು ನಮ್ಮ ಬಾಲ್ಯದ ಆಟವಾಗಿತ್ತು. ಅದು ಎದ್ದ ಹಾಳೆಯ ದನಿ ಎಂದು ಈಗ ತಿಳಿಯಿತು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬರುವ ಮಳೆನೀರು ತುಸು ಆಮ್ಲವಾಗಿರುತ್ತದೆ. ಅದು ಕಲ್ಲಿನ ಸಂದುಗಳಲ್ಲಿ ಇಳಿದು, ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಜೇಡಿಯಾಗಿಸುತ್ತದೆ. ಕರಿಯ ಖನಿಜಗಳಲ್ಲಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತದೆ. ಯಾವುದಕ್ಕೂ ಜಗ್ಗದ ಬೆಣಚು ಮಾತ್ರ ಮರಳಾಗಿ ಉಳಿಯುತ್ತದೆ. ಜೇಡಿ, ತುಕ್ಕು, ಮರಳು, ಇವು ಕೂಡಿದರೆ ನಮ್ಮ ರಾಗಿಯ ಹೊಲದ ಕೆಮ್ಮಣ್ಣು. ಮಣ್ಣೆಂದರೆ ಕರಗಿದ ಬಂಡೆ.

ನನ್ನ ಶ್ರೀಮತಿಯ ತವರು ವಿಜಯಪುರ. ನಮ್ಮ ಮನೆಯಲ್ಲಿ ಮುದ್ದೆಗೂ ಜೋಳದ ರೊಟ್ಟಿಗೂ ಆಗಾಗ ನಡೆಯುವ ವಾಗ್ವಾದದ ಮೂಲ ಭೂವಿಜ್ಞಾನದಲ್ಲಿದೆ ಎಂದು ನಾನು ಅರಿತಿರಲಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ನೆಲ ಬಿರಿದು, ಲಾವಾ ಪದರದ ಮೇಲೆ ಪದರವಾಗಿ ಹರಡಿತು. ಹಾಗೆ ತಣಿದ ಕರಿಯ ಅಗ್ನಿಶಿಲೆಯೇ ಬಸಾಲ್ಟ್. ಅದು ಕರಗಿದಾಗ ಎರೆಮಣ್ಣಾಯಿತು. ಎರೆ ನೀರನ್ನು ಹಿಡಿದಿಡುವ ಮಣ್ಣು. ಹಿಂಗಾರಿಯ ಜೋಳ ಮಳೆ ನಿಂತ ಮೇಲೂ ಆ ತೇವದಲ್ಲಿಯೇ ಬೆಳೆಯುತ್ತದೆ. ನೀರು ಬಸಿದುಹೋಗುವ ನಮ್ಮ ಕೆಮ್ಮಣ್ಣಿಗೆ ಬರಗಾಲವನ್ನು ತಾಳುವ ರಾಗಿ ಒಗ್ಗಿತು. ಎರಡು ಕಲ್ಲುಗಳು ಎರಡು ಮಣ್ಣುಗಳಾದವು. ಎರಡು ಮಣ್ಣುಗಳು ಎರಡು ಅಡಿಗೆಗಳಾದವು. ಈ ವಿವರಣೆಯಿಂದ ವಾಗ್ವಾದವೇನೂ ನಿಂತಿಲ್ಲ. ಆದರೆ ಅದಕ್ಕೊಂದು ಘನತೆ ಬಂದಿದೆ.

ಕರಗಿದ್ದು ಅಲ್ಲಿಯೇ ನಿಲ್ಲುವುದೂ ಇಲ್ಲ. ಹೊಳೆಗಳು ಮರಳನ್ನು ಹೊತ್ತು ತಗ್ಗಿಗೆ ಒಯ್ಯುತ್ತವೆ. ಅಲ್ಲಿ ಪದರು ಕಟ್ಟಿ, ಅದುಮಿಕೊಂಡು, ಅದು ಮತ್ತೆ ಕಲ್ಲಾಗುತ್ತದೆ. ಚಾಲುಕ್ಯರು ಬಾದಾಮಿಯಲ್ಲಿ ಗುಹೆ ಕೊರೆದ ಕೆಂಪು ಮರಳುಗಲ್ಲು ಇಂಥ ಪದರುಶಿಲೆ. ಅದಕ್ಕಿಂತ ಹಿಂದಿನ ಯಾವುದೋ ಬೆಟ್ಟಗಳ ಪುಡಿಯೇ ಆ ಕಲ್ಲು. ಅಗ್ನಿಶಿಲೆ ಪುಡಿಯಾಗಿ ಪದರುಶಿಲೆಯಾಗಬಹುದು. ಪದರುಶಿಲೆ ಆಳಕ್ಕಿಳಿದು ರೂಪಾಂತರ ಹೊಂದಬಹುದು. ಅದೂ ಕರಗಿ ಮತ್ತೆ ಅಗ್ನಿಶಿಲೆಯಾಗಬಹುದು. ಕಲ್ಲಿಗೂ ಜನ್ಮಾಂತರವುಂಟು. ಸ್ಥಿರೆ ಎಂಬ ಹೆಸರೂ ಒರೆಯಲ್ಲಿ ಉಳಿಯಲಿಲ್ಲ.

ಉಳಿದದ್ದು ಸರ್ವಂಸಹೆ. ಇಲ್ಲಿಗೆ ಬಂದಾಗ ಅಣ್ಣನ ಕಾಗದ ನನ್ನ ಮೇಜಿನ ಮೇಲೆಯೇ ಇತ್ತು.

ನಮ್ಮ ಬಂಡೆಯ ಬುಡದಲ್ಲಿ ತಾತ ತೋಡಿಸಿದ ಬಾವಿಯಿದೆ; ನಲವತ್ತು ಅಡಿ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಗಟ್ಟಿ ಕಲ್ಲು. ಗರಸೆಂದರೆ ಇನ್ನೂ ಪೂರ್ತಿ ಮಣ್ಣಾಗದ, ಅರ್ಧ ಕೊಳೆತ ಬಂಡೆ. ನೈಸಿನಂಥ ಗಟ್ಟಿಕಲ್ಲು ತನ್ನ ಮೈಯೊಳಗೆ ನೀರನ್ನು ಹೀರಿಕೊಳ್ಳಲಾರದು. ನಮ್ಮ ನಾಡಿನಲ್ಲಿ ನೀರು ನಿಲ್ಲುವುದು ಗರಸಿನಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ, ಇಕ್ಕಟ್ಟಾಗುತ್ತವೆ. ಪಾತಾಳದಲ್ಲಿ ಗಂಗೆ ಹರಿಯುತ್ತಿರುವಳು, ಸಾಕಷ್ಟು ಕೊರೆದರೆ ಸಿಕ್ಕೇ ಸಿಗುವಳು ಎಂಬುದು ನಮ್ಮ ಆಸೆ. ಕಲ್ಲು ಆ ಮಾತು ಕೊಟ್ಟಿಲ್ಲ. ಅಣ್ಣ ಮೂರು ಬಾರಿ ಕಂಡ ಧೂಳು ಈ ಸತ್ಯವೇ. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಪಟ್ಟಣದವರಿಗೂ ಅದರ ಅರಿವಾಯಿತು. ಗರಸಿನಲ್ಲಿ ಮಳೆ ಕೂಡಿಟ್ಟದ್ದನ್ನು ನಾವು ಖರ್ಚು ಮಾಡಿ, ಬಿರುಕಿನಲ್ಲಿದ್ದ ಹಳೆಯ ಇಡುಗಂಟಿಗೂ ಕೈಹಾಕಿದ್ದೇವೆ. ಮೇಲಿನಿಂದ ಇಂಗುವ ದಾರಿಗೆ ಸಿಮೆಂಟು ಬಳಿದಿದ್ದೇವೆ.

ತಾತನ ಬಾವಿ ಬಹುಕಾಲ ಒಣಗಿತ್ತು. 2021ರ ನವೆಂಬರಿನ ದೊಡ್ಡ ಮಳೆಯಲ್ಲಿ ಅದರಲ್ಲಿ ಮತ್ತೆ ನೀರು ಕಂಡಿತು. ಎರಡು ಬೇಸಗೆ ನಿಂತಿತು. ದೇವರು ಕಣ್ಣು ತೆರೆದ ಎಂದು ಊರವರು ತೆಂಗಿನಕಾಯಿ ಒಡೆದರು. ದೇವರು ಕಣ್ಣು ತೆರೆದದ್ದು ಬಂಡೆಯ ಮೂಲಕವೇ ಎಂದು ಸ್ನೇಹಿತರು ವಿವರಿಸಿದರು. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಒಳಗೆ ಇಂಗದೆ ಇಳಿಜಾರಿನಲ್ಲಿ ಹರಿದು ಬುಡದ ಗರಸಿಗೆ ಸೇರುತ್ತದೆ. ಆನೆಯ ಬೆನ್ನಿನಷ್ಟು ಅಗಲದ ಮಳೆಯೆಲ್ಲ ಒಂದು ಅಂಚಿನಲ್ಲಿ ಇಂಗುತ್ತದೆ. ಬಾವಿಗೆ ಆ ಜಾಗವನ್ನೇ ಆರಿಸಿದ ತಾತನಿಗೆ ನೈಸ್ ಎಂಬ ಹೆಸರು ಗೊತ್ತಿರಲಿಲ್ಲ. ಕಲ್ಲಿನ ಗುಣ ಗೊತ್ತಿತ್ತು. ಬಂಡೆ ಸುಮ್ಮನೆ ಬಿದ್ದಿರಲಿಲ್ಲ. ಅದು ನಮ್ಮ ಬಾವಿಯ ಮಾಡಾಗಿತ್ತು.

ಕಲ್ಲನ್ನು ಯಾರೂ ಒಡೆಯಬಾರದೆಂದು ನಾನು ಹೇಳಲಾರೆ. ನಾನು ವಾಸವಾಗಿರುವ ಮನೆಯ ಛಾವಣಿಯಲ್ಲಿ ಯಾವುದೋ ಊರಿನ ಬಂಡೆಯ ಜಲ್ಲಿಯಿದೆ. ಆ ಊರಿನಲ್ಲಿಯೂ ಒಂದು ಬಾವಿ ಇತ್ತೇ ಎಂದು ನಾನು ಕೇಳಿದವನಲ್ಲ. ಆದರೆ ಒಡೆಯುವ ಮೊದಲು ಲೆಕ್ಕ ಹಾಕಬೇಕು. ಒಂದು ಅಂಗುಲ ಮಣ್ಣಾಗಲು ಕಲ್ಲಿಗೆ ನೂರಾರು ವರ್ಷ ಬೇಕು. ಬಂಡೆಯನ್ನು ಮುಗಿಸಲು ಯಂತ್ರಕ್ಕೆ ಕೆಲವು ವರ್ಷ ಸಾಕು. ಭೂಮಿ ಎಲ್ಲವನ್ನೂ ಸಹಿಸುತ್ತಾಳೆ ಎಂಬುದು ನಿಜವಿರಬಹುದು. ಅವಳು ಲಾವಾವನ್ನೂ ಡಿಕ್ಕಿಯನ್ನೂ ಸಹಿಸಿ ಬಂದವಳು. ನಮ್ಮ ಕ್ರಷರ್ ಅವಳಿಗೊಂದು ಸೊಳ್ಳೆಯ ಕಡಿತ. ಸಹಿಸಲಾರದವರು ನಾವು.

ಹೊರಡುವ ದಿನ ಅಣ್ಣನ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತ ಕೊನೆಯವರೆಗೂ ಕೇಳಿ, “ಪಾಠ ಚೆನ್ನಾಗಿದೆ. ಸಾಲ ಯಾರು ತೀರಿಸುತ್ತಾರೆ?” ಎಂದರು. ನ್ಯಾಯವಾದ ಪ್ರಶ್ನೆ. ಬಂಡೆಯಲ್ಲಿ ನನಗೆ ಅರ್ಧ ಹಕ್ಕಿದ್ದರೆ ಸಾಲದಲ್ಲಿಯೂ ಅರ್ಧ ಪಾಲಿರಬೇಕು. ಶ್ರೀಮತಿಯೊಡನೆ ಹಿಂದಿನ ರಾತ್ರಿಯೇ ಮಾತಾಡಿಟ್ಟಿದ್ದೆ. ಅರ್ಧವನ್ನು ತಿಂಗಳು ತಿಂಗಳಾಗಿ ನಾನು ಕಟ್ಟುವೆನೆಂದೂ, ಬಂಡೆಯ ನೀರು ಬಾವಿಯತ್ತ ತಿರುಗುವಂತೆ ಈ ಮಳೆಗಾಲದೊಳಗೆ ಒಂದು ಬದುವನ್ನು ಹಾಕಿಸೋಣವೆಂದೂ ಹೇಳಿದೆ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಗದವನ್ನು ಮಡಿಸುತ್ತ, “ಆಗಲಿ, ಒಂದು ವರ್ಷ ನೋಡೋಣ. ಅವಸರವೇನು? ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ” ಎಂದರು.

“ಹೋಗುತ್ತದೆ ದೊಡ್ಡಪ್ಪ,” ಎಂದಳು ಬಾಗಿಲ ಬಳಿ ನಿಂತಿದ್ದ ಮಗಳು. “ವರ್ಷಕ್ಕೆ ಐದು ಸೆಂಟಿಮೀಟರು.”

ಅಣ್ಣ ನಕ್ಕರು. ಮಡಿಸಿದ ಕಾಗದ ನನ್ನ ಮೇಜಿನ ಖಾನೆಯಲ್ಲಿದೆ. ಬದು ಹಾಕಲು ಆಳು ಸಿಕ್ಕಿದರೆಂದು ನಿನ್ನೆ ಊರಿನಿಂದ ಸುದ್ದಿ ಬಂದಿದೆ.